ಒಂದೇ ಕಡೆಯ ಹಣದ ಮೇಲೆ ನಿಂತ ಸಂಶೋಧನಾ ಟ್ರಸ್ಟ್

ನಿಮ್ಮ ಕಿಡ್ನಿ ಸಂಶೋಧನಾ ಟ್ರಸ್ಟಿಗೆ ಹಣವೆಲ್ಲ ಒಂದೇ ವಿದೇಶಿ ಫೌಂಡೇಶನ್‌ನಿಂದ ಬರುತ್ತದೆ, ಅದು ನಿಂತರೆ ಏನು ಗತಿ ಅಂತ ಕೇಳಿದ್ದೀರಿ. ಭಯ ನಿಜವಾದದ್ದೇ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ವಿದೇಶಿ ಹಣದಲ್ಲಿ ಆಡಳಿತದ ಖರ್ಚಿಗೆ ಶೇ. 20 ಮಾತ್ರ, ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ.

ನಾನಾಗಿದ್ದರೆ ಮೊದಲು ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ (ಡಿಎಸ್‌ಐಆರ್) ಸಂಶೋಧನಾ ಸಂಸ್ಥೆಗಳಿಗೆ ಕೊಡುವ ‘ಸೈರೋ’ ಮಾನ್ಯತೆಗೆ ಅರ್ಜಿ ಹಾಕುತ್ತಿದ್ದೆ. ಸರ್ಕಾರಿ ಅನುದಾನ ಕೇಳುವಾಗ ಖಾಸಗಿ ಸಂಸ್ಥೆಗಳಿಗೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ 80ಜಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಸರಿಯಾಗಿದೆಯಾ ನೋಡಿ, ಇಲ್ಲದಿದ್ದರೆ ಕಂಪನಿಗಳು ಮಾತೇ ಆಡುವುದಿಲ್ಲ. ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ. 2 ಸಿಎಸ್‌ಆರ್‌ಗೆ ಖರ್ಚು ಮಾಡಲೇಬೇಕು. ಆದರೆ ಅವರಿಗೆ ಲ್ಯಾಬ್ ಕೆಲಸಕ್ಕಿಂತ ಹಳ್ಳಿಯಲ್ಲಿ ನಡೆಯುವ ತಪಾಸಣೆ ಬೇಗ ಅರ್ಥವಾಗುತ್ತದೆ, ಹಾಗಾಗಿ ತಪಾಸಣೆಯ ಭಾಗವನ್ನು ಬೇರೆ ಯೋಜನೆಯಾಗಿ ಬರೆದು ಅದಕ್ಕೆ ಅವರಿಂದ ಹಣ ಕೇಳಿ.

ರಾಯಧನದ, ಅಂದರೆ ಹಣ ಹೂಡಿ ಬೆಳೆಸಿದ ಔಷಧದ ಮಾರಾಟದಲ್ಲಿ ಪಾಲು ಪಡೆಯುವ ದಾರಿಯೂ ಇದೆ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಗಾಗಿ ಕೆಲಸ ಮಾಡುವ ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ 2014ರಲ್ಲಿ ತನ್ನ ಔಷಧ ರಾಯಧನದ ಹಕ್ಕನ್ನು 330 ಕೋಟಿ ಡಾಲರಿಗೆ ಮಾರಿತು, ಆದರೆ ಅದರ ಹಿಂದೆ ಎಷ್ಟೋ ವರ್ಷಗಳ ಹೂಡಿಕೆ ಇತ್ತು, ನಿಮಗೆ ಈಗಲೇ ಬೇಡ. ರೋಗಿಗಳ ಕುಟುಂಬದವರು ತಿಂಗಳಿಗೆ ಕೊಡುವ ಸಣ್ಣ ಹಣವನ್ನು ಮಾತ್ರ ಕಡೆಗಣಿಸಬೇಡಿ. ಷರತ್ತಿಲ್ಲದೆ ಬರುವುದು ಅದೊಂದೇ, ಸಂಬಳ ತಡವಾಗುವ ತಿಂಗಳಲ್ಲಿ ಕೈಹಿಡಿಯುವುದೂ ಅದೇ.