ಮೋಟರ್‌ಹೆಡ್ ಯಾವ ಕಪಾಟಿಗೆ ಸೇರಬೇಕು?

ಕಳೆದ ಸಂಚಿಕೆಯಲ್ಲಿ ನಾವು ಬ್ರಿಟನ್ನಿನ ಮೋಟರ್‌ಹೆಡ್ ಎಂಬ ರಾಕ್ ತಂಡದ 1977ರ ಚೊಚ್ಚಲ ಆಲ್ಬಮ್ ಕುರಿತು ನಾಲ್ಕು ಪುಟಗಳ ಲೇಖನವನ್ನು ಪ್ರಕಟಿಸಿದ್ದೆವು. ಅದನ್ನು ಓದಿದ ಹಾಸನದ ಓದುಗರೊಬ್ಬರು ರಾಕ್ ಸಂಗೀತದ ಎರಡು ಪ್ರಕಾರಗಳಾದ ಪಂಕ್ ಮತ್ತು ಹೆವಿ ಮೆಟಲ್ ಕುರಿತು ಹೀಗೆ ಬರೆದಿದ್ದಾರೆ: “ಪಂಕ್‌ಗೆ ಅದರದೇ ಸಿಟ್ಟಿದೆ, ಹೆವಿ ಮೆಟಲ್‌ಗೆ ಅದರದೇ ಗತ್ತಿದೆ. ಎರಡನ್ನೂ ಕಲಸಿದರೆ ಸಿಟ್ಟೂ ಉಳಿಯುವುದಿಲ್ಲ, ಗತ್ತೂ ಉಳಿಯುವುದಿಲ್ಲ. ಎರಡು ಸಲ ಕೇಳಿದ ಮೇಲೆಯೇ ಹೇಳುತ್ತಿದ್ದೇನೆ, ಇದು ಬರೀ ಕಲಬೆರಕೆ. ಧ್ವನಿಮುದ್ರಣವಂತೂ ದನದ ಕೊಟ್ಟಿಗೆಯಲ್ಲಿ ಮಾಡಿದಂತಿದೆ. ಇದಕ್ಕೆ ನಾಲ್ಕು ಪುಟ ದಂಡ ಮಾಡಿದ್ದೇಕೆ?”

ಮಾನ್ಯರೇ,

ಎರಡು ಸಲ ಕೇಳಿ ಬರೆದಿದ್ದೀರಿ. ಒಂದು ಸಲವೂ ಕೇಳದೆ ಬರೆಯುವವರ ಪತ್ರಗಳನ್ನೇ ಹೆಚ್ಚಾಗಿ ಓದುವ ನನಗೆ ಇದು ದೊಡ್ಡ ಸಂತೋಷ. ಧ್ವನಿಮುದ್ರಣದ ಬಗ್ಗೆ ನೀವು ಹೇಳಿದ್ದರಲ್ಲಿ ಸತ್ಯವಿದೆ. ಹಾಡಿನ ಮಾತುಗಳು ಎಷ್ಟೋ ಕಡೆ ಗಿಟಾರಿನಡಿ ಮುಳುಗಿಹೋಗುತ್ತವೆ. ಪಂಕ್ ಮತ್ತು ಮೆಟಲ್ ಬೇರೆಬೇರೆಯಾಗಿಯೇ ಇರಬೇಕೆನ್ನುವವರಲ್ಲಿ ನೀವು ಒಬ್ಬರೇ ಏನಲ್ಲ. ಐರನ್ ಮೇಡನ್ ಎಂಬ ಮೆಟಲ್ ತಂಡದ ಸ್ಟೀವ್ ಹ್ಯಾರಿಸ್ ಅವರಂಥ ಹಿರಿಯರೇ, ತಮ್ಮ ಮೊದಲ ಆಲ್ಬಮ್‌ನಲ್ಲಿ ಪಂಕ್‌ನ ಛಾಯೆ ಇದೆ ಎಂದವರ ಮಾತನ್ನು ಕಟುವಾಗಿ ತಳ್ಳಿಹಾಕಿದ್ದಾರೆ. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ, ಏಕೆಂದರೆ ‘ಕಲಬೆರಕೆ’ ಎಂಬ ನಿಮ್ಮ ಪದವನ್ನು ಮಾತ್ರ ನಾನು ಒಪ್ಪಲಾರೆ.

ಕಲಬೆರಕೆ ಎನ್ನಬೇಕಾದರೆ ಮೊದಲು ಎರಡು ಶುದ್ಧ ಪದಾರ್ಥಗಳು ಇರಬೇಕು, ಆಮೇಲೆ ಯಾರೋ ಲಾಭಕ್ಕಾಗಿ ಅವನ್ನು ಬೆರೆಸಿರಬೇಕು. ಈ ಆಲ್ಬಮ್ ಹುಟ್ಟಿದ ಗಳಿಗೆಯನ್ನು ನೆನಪಿಸಿಕೊಳ್ಳಿ. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ (ಒಂದೆರಡು ಹಾಡುಗಳ ಚಿಕ್ಕ ರೆಕಾರ್ಡ್) ಎನ್ನಲಾಗುವ ಡ್ಯಾಮ್ಡ್ ತಂಡದ ‘ನ್ಯೂ ರೋಸ್’ ಬಂದದ್ದು 1976ರ ಅಕ್ಟೋಬರಿನಲ್ಲಿ. ಮೋಟರ್‌ಹೆಡ್ ಅದಕ್ಕೂ ಒಂದು ವರ್ಷ ಮೊದಲೇ, 1975ರಲ್ಲಿಯೇ, ವೇದಿಕೆ ಹತ್ತಿ ಬೈಸಿಕೊಂಡಿತ್ತು. ಪಂಕ್ ಎಂಬ ಹೆಸರು ಊರೆಲ್ಲ ಹರಡುವ ಮೊದಲೇ ಆ ವೇಗ ಅವರ ಕೈಯಲ್ಲಿತ್ತು. ಇನ್ನು ಬೆರೆಸಿದವರು ಯಾರು, ಬೆರೆಸಿದ್ದು ಯಾವಾಗ?

ಮೋಟರ್‌ಹೆಡ್ ಕಟ್ಟಿದ ಗಾಯಕ ಲೆಮ್ಮಿ ಕಿಲ್ಮಿಸ್ಟರ್ ಅವರ ಕಥೆಯನ್ನೇ ನೋಡಿ. 1945ರಲ್ಲಿ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಹುಟ್ಟಿದವರು, ಜಿಮಿ ಹೆಂಡ್ರಿಕ್ಸ್ ಅವರ ತಂಡದಲ್ಲಿ ಸಾಮಾನು ಹೊತ್ತವರು, ಹಾಕ್‌ವಿಂಡ್ ತಂಡದಲ್ಲಿ ಬೇಸ್ ಗಿಟಾರ್ ನುಡಿಸಿದವರು. 1975ರಲ್ಲಿ ಕೆನಡಾದ ಗಡಿಯಲ್ಲಿ ಮಾದಕವಸ್ತು ಇಟ್ಟುಕೊಂಡ ಆರೋಪದ ಮೇಲೆ ಬಂಧನವಾದಾಗ ಆ ತಂಡ ಅವರನ್ನು ಹೊರಹಾಕಿತು. ಆ ತಂಡಕ್ಕಾಗಿ ತಾವು ಬರೆದಿದ್ದ ಕೊನೆಯ ಹಾಡಿನ ಹೆಸರನ್ನೇ ಅವರು ತಮ್ಮ ಹೊಸ ತಂಡಕ್ಕೆ ಇಟ್ಟರು. ಮೂಲತಃ ಗಿಟಾರ್ ನುಡಿಸುತ್ತಿದ್ದವರಾದ್ದರಿಂದ ರಿಕನ್‌ಬ್ಯಾಕರ್ ಬೇಸನ್ನು ಒಂದೊಂದೇ ಸ್ವರವಾಗಿ ಮೀಟದೆ, ಗಿಟಾರಿನಂತೆ ಎರಡು ಮೂರು ತಂತಿಗಳನ್ನು ಒಟ್ಟಿಗೆ ಬಾರಿಸಿ, ಮಾರ್ಷಲ್ ಆಂಪ್ಲಿಫೈಯರ್‌ನಲ್ಲಿ ನಡುಸ್ಥಾಯಿಯನ್ನು ಪೂರ್ತಿ ಏರಿಸಿ ನುಡಿಸುತ್ತಿದ್ದರು. ಆದ್ದರಿಂದಲೇ ಈ ಆಲ್ಬಮ್‌ನಲ್ಲಿ ಬೇಸ್ ಎಲ್ಲಿ ಮುಗಿಯಿತು, ಎಡ್ಡಿ ಕ್ಲಾರ್ಕ್ ಅವರ ಗಿಟಾರ್ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ನಿಮಗೆ ಕೊಟ್ಟಿಗೆಯ ಸದ್ದಾಗಿ ಕೇಳಿಸಿದ್ದು ಬಹುಮಟ್ಟಿಗೆ ಇದೇ. ಅದನ್ನು ಸೋಸಿ ತೆಗೆದರೆ ಮೋಟರ್‌ಹೆಡ್ ಉಳಿಯುವುದಿಲ್ಲ.

ಇನ್ನು ಧ್ವನಿಮುದ್ರಣ. 1977ರ ಏಪ್ರಿಲ್ ಹೊತ್ತಿಗೆ ತಂಡ ಸೋತು ಸುಣ್ಣವಾಗಿತ್ತು. ಹಿಂದೆ ಮುದ್ರಿಸಿದ್ದ ಒಂದು ಆಲ್ಬಮ್ಮನ್ನು ಕಂಪನಿಯೊಂದು ಬಿಡುಗಡೆ ಮಾಡದೆ ಮೂಲೆಗೆ ತಳ್ಳಿತ್ತು. ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ವಿದಾಯದ ಕಾರ್ಯಕ್ರಮ ಕೊಟ್ಟು ಅಂಗಡಿ ಮುಚ್ಚುವುದೆಂದು ನಿರ್ಧಾರವಾಗಿತ್ತು. ಆಗ ಚಿಸಿಕ್ ರೆಕಾರ್ಡ್ಸ್‌ನ ಟೆಡ್ ಕ್ಯಾರಲ್, ಒಂದು ಸಿಂಗಲ್ ಮಾಡಿಕೊಳ್ಳಿ ಎಂದು ಎಸ್ಕೇಪ್ ಸ್ಟುಡಿಯೋದಲ್ಲಿ ಎರಡು ದಿನಗಳ ಅವಕಾಶ ಕೊಟ್ಟರು. ಒಂದು ಹಾಡು ಕೇಳಿದವರಿಗೆ ಈ ಮೂವರು ಹನ್ನೊಂದು ಹಾಡುಗಳ ವಾದ್ಯಭಾಗವನ್ನು ಮುದ್ರಿಸಿಟ್ಟರು! ಕ್ಯಾರಲ್ ಮೆಚ್ಚಿ ಇನ್ನಷ್ಟು ದಿನ ಕೊಡಿಸಿದರು, ಹಾಡುಗಳು ಹದಿಮೂರಾದವು, ಅವುಗಳಲ್ಲಿ ಎಂಟು ಆಲ್ಬಮ್ ಸೇರಿದವು. ಮತ್ತೆ ಅವಕಾಶ ಸಿಗದು ಎಂದು ತಿಳಿದವರು ನುಡಿಸುವ ರೀತಿಯೇ ಬೇರೆ. ಫಿಲ್ ಟೇಲರ್ ಅವರ ಡ್ರಮ್ ಪ್ರತಿ ಹಾಡಿನ ಕೊನೆಯಲ್ಲೂ ಲಯವನ್ನು ಮೀರಿ ಮುಂದಕ್ಕೆ ಹಾರುವುದನ್ನು ಕೇಳಿ. ಅದನ್ನು ತಿದ್ದಲು ಅವರಿಗೆ ಸಮಯವಿರಲಿಲ್ಲ, ಮತ್ತು ಅದು ಹಾಗೆ ಉಳಿದದ್ದು ನಮ್ಮ ಪುಣ್ಯ ಎಂದೇ ನಾನು ನಂಬಿದ್ದೇನೆ.

ನಾನು ಇದನ್ನು ಮೊದಲು ಕೇಳಿದ್ದು ಬೆಂಗಳೂರಿನ ಹಾಸ್ಟೆಲ್ ಕೋಣೆಯೊಂದರಲ್ಲಿ, ಮೂರು ಕೈ ದಾಟಿ ಕಾಪಿಯಾಗಿ ಬಂದಿದ್ದ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿನ ಒಂದು ಮೂಲೆ ಒಡೆದಿತ್ತು, ಮೇಲಿನ ಚೀಟಿಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ‘ಪಂಕ್’ ಎಂದು ಬರೆದಿತ್ತು, ಅದನ್ನು ಹೊಡೆದುಹಾಕಿ ಇನ್ನೊಬ್ಬರು ‘ಮೆಟಲ್’ ಎಂದು ತಿದ್ದಿದ್ದರು, ಮೂರನೆಯವರು ಎರಡನ್ನೂ ಗೀಚಿ ತಂಡದ ಹೆಸರನ್ನಷ್ಟೇ ಉಳಿಸಿದ್ದರು. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದೆವು. ಆ ಮೂರನೆಯವರು ಯಾರೆಂದು ಇಂದಿಗೂ ತಿಳಿಯದು, ಆದರೆ ಈ ಆಲ್ಬಮ್ ಕುರಿತು ಅವರಿಗಿಂತ ಚೆನ್ನಾಗಿ ಯಾವ ವಿಮರ್ಶಕರೂ ಬರೆದದ್ದನ್ನು ನಾನು ಓದಿಲ್ಲ.

ಉದ್ದ ಕೂದಲು, ಚರ್ಮದ ಜಾಕೆಟ್, ಗುಂಡುಗಳ ಬೆಲ್ಟು. ನೋಡಲು ಅವರು ಮೆಟಲ್‌ನವರೇ. ಲೆಮ್ಮಿ ಮಾತ್ರ ತಾವು ಮೆಟಲ್‌ನ ಜೂಡಸ್ ಪ್ರೀಸ್ಟ್ ತಂಡಕ್ಕಿಂತ ಪಂಕ್‌ನ ಡ್ಯಾಮ್ಡ್ ತಂಡಕ್ಕೇ ಹತ್ತಿರದವರು ಎನ್ನುತ್ತಿದ್ದರು. 1978ರಲ್ಲಿ ಡ್ಯಾಮ್ಡ್‌ನವರೊಂದಿಗೆ ವೇದಿಕೆಯಲ್ಲಿ ಬೇಸ್ ನುಡಿಸಿಯೂ ತೋರಿಸಿದರು. ವೇದಿಕೆಯ ಮೇಲೆ ಪ್ರತಿ ರಾತ್ರಿ ತಮ್ಮದು ರಾಕ್ ಅಂಡ್ ರೋಲ್ ಎಂದಷ್ಟೇ ಹೇಳಿಕೊಳ್ಳುತ್ತಿದ್ದರು. ಈ ಆಲ್ಬಮ್‌ನ ಕೊನೆಯ ಹಾಡು ಅದಕ್ಕೆ ಸಾಕ್ಷಿ: ‘ಟ್ರೈನ್ ಕೆಪ್ಟ್ ಎ ರೋಲಿನ್’ ಮೂಲತಃ 1951ರಲ್ಲಿ ಟೈನಿ ಬ್ರಾಡ್‌ಶಾ ಅವರು ಮುದ್ರಿಸಿದ ರಿದಮ್ ಅಂಡ್ ಬ್ಲೂಸ್ ಹಾಡು. ಶುದ್ಧಿಯನ್ನು ಹುಡುಕುತ್ತ ಹಿಂದೆ ಹೋದರೆ ಸಿಗುವುದು ಇನ್ನೂ ಹಳೆಯ ಬೆರಕೆಯೇ.

ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 43ನೇ ಸ್ಥಾನಕ್ಕೇ ನಿಂತ ಈ ಆಲ್ಬಮ್‌ನ ಫಲ ಎಲ್ಲೆಲ್ಲಿ ಬಿತ್ತು ನೋಡಿ. ಲೆಮ್ಮಿ ಹುಟ್ಟಿದ ಸ್ಟೋಕ್-ಆನ್-ಟ್ರೆಂಟ್‌ನಿಂದಲೇ ಬಂದ ಡಿಸ್ಚಾರ್ಜ್ ತಂಡ 1982ರ ತನ್ನ ಮೊದಲ ಪೂರ್ಣ ಆಲ್ಬಮ್‌ನಲ್ಲಿ ಪಂಕ್‌ನ ಕಡೆಯಿಂದ ಹೊರಟು ಅದೇ ಬೇಲಿಯನ್ನು ದಾಟಿತು. ಮೋಟರ್‌ಹೆಡ್ ಹಿಂದೆ ಊರೂರು ಅಲೆದಿದ್ದ ಹುಡುಗ ಲಾರ್ಸ್ ಉಲ್ರಿಕ್ ಕಟ್ಟಿದ ಮೆಟಾಲಿಕಾ, ಲೆಮ್ಮಿಯವರ ಐವತ್ತನೇ ಹುಟ್ಟುಹಬ್ಬಕ್ಕೆ ಲಾಸ್ ಏಂಜಲೀಸ್‌ನಲ್ಲಿ ಅವರ ಹಾಡುಗಳನ್ನೇ ನುಡಿಸಿತು. ಆ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಕೆಸರಿನಲ್ಲಿ ನಿಂತು ಕೂಗಿದ ನಮ್ಮ ಸಾವಿರಾರು ಹುಡುಗರ ತನಕ ಈ ದಾರಿ ಬಂದಿದೆ.

ನಿಮ್ಮ ಪತ್ರ ನನ್ನನ್ನು ಇಷ್ಟು ಕಲಕಲು ಇನ್ನೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಬ್ಯಾಂಡ್ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಅರ್ಜಿಯಲ್ಲಿ ‘ಪ್ರಕಾರ’ ಎಂಬ ಕಾಲಂ ಇತ್ತು, ಒಂದಕ್ಕೆ ಮಾತ್ರ ಗುರುತು ಹಾಕಬೇಕೆಂಬ ನಿಯಮವಿತ್ತು. ಮೂವರು ಹುಡುಗರು ಪಂಕ್ ಮತ್ತು ಮೆಟಲ್ ಎರಡಕ್ಕೂ ಗುರುತು ಹಾಕಿದ್ದರು. ಅಂದು ಅವರಷ್ಟು ಜೀವ ತುಂಬಿ ನುಡಿಸಿದವರು ಇನ್ನೊಬ್ಬರಿರಲಿಲ್ಲ. ನಿಯಮ ಮೀರಿದ್ದಾರೆಂದು ಸಂಘಟಕರು ಅವರ ಅಂಕಪಟ್ಟಿಯನ್ನೇ ತೆಗೆದಿಟ್ಟರು. ನಾನು ವಾದಿಸಿದೆ, ಗೆಲ್ಲಲಿಲ್ಲ. ಆ ಹುಡುಗರು ವಾದ್ಯಗಳನ್ನು ಚೀಲಕ್ಕೆ ತುಂಬಿಕೊಂಡು ಏನೂ ಮಾತಾಡದೆ ಬಸ್ ನಿಲ್ದಾಣದ ಕಡೆ ನಡೆದದ್ದು ನನ್ನ ಕಣ್ಣಿನಿಂದ ಮರೆಯಾಗಿಲ್ಲ. ಅಂಗಡಿಯವರು ಕಪಾಟು ಜೋಡಿಸುವ ಅನುಕೂಲಕ್ಕೆ ಅಂಟಿಸಿದ ಚೀಟಿಗಳನ್ನು ನಾವು ಕಲೆಯ ಧರ್ಮಶಾಸ್ತ್ರವೆಂದು ಹಿಡಿದುಕೊಂಡಿದ್ದೇವೆ. ಈಗ ಮೊಬೈಲಿನಲ್ಲಿ ಹಾಡು ಕೇಳಿಸುವ ಸೇವೆಗಳೂ ಪ್ರತಿ ಹಾಡಿಗೆ ಒಂದು ಚೀಟಿ ಹಚ್ಚಿ, ಅದೇ ಚೀಟಿಯ ಇನ್ನೂರು ಹಾಡುಗಳನ್ನು ಸಾಲಾಗಿ ಬಡಿಸುತ್ತವೆ. ಹೊಸದೊಂದು ಸದ್ದು ಕಿವಿಗೆ ಬಿದ್ದಾಗ ಇದು ಎಲ್ಲಿಯದು ಎಂದು ನಿಲ್ಲುವ ಕುತೂಹಲವೇ ಕಡಿಮೆಯಾಗುತ್ತಿದೆಯಲ್ಲ ಎಂಬುದು ನನ್ನ ನಿಜವಾದ ಸಂಕಟ.

ನೀವು ಆ ಬಗೆಯ ಕೇಳುಗರಲ್ಲವೆಂದು ನಿಮ್ಮ ಪತ್ರವೇ ಹೇಳುತ್ತದೆ. ಆದ್ದರಿಂದ ಒಂದು ಕೋರಿಕೆ. ಇಡೀ ಆಲ್ಬಮ್ ಬೇಡ, ಅವರು ಹೊಸದಾಗಿ ಬರೆದ ‘ಕೀಪ್ ಅಸ್ ಆನ್ ದಿ ರೋಡ್’ ಒಂದನ್ನೇ ಹೆಡ್‌ಫೋನ್ ಬಿಟ್ಟು, ಸ್ಪೀಕರಿನಲ್ಲಿ, ಸ್ವಲ್ಪ ಜೋರಾಗಿ ಕೇಳಿ. ಇದು ನಿಮ್ಮ ಮೂರನೆಯ ಸಲವಾಗುತ್ತದೆ. ಆಮೇಲೂ ಕಲಬೆರಕೆ ಎನ್ನಿಸಿದರೆ ಹಾಗೆಯೇ ಬರೆಯಿರಿ. ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

– ಸಂ.