ಆಂಧ್ರದ ಕಡಪ ಬೇಸಿನ್ನಿನ (ಹಿಂದೆ ಮರಳು, ಮಣ್ಣು ಪದರಪದರವಾಗಿ ತುಂಬಿದ ದೊಡ್ಡ ತಗ್ಗು) ಮರಳುಗಲ್ಲಲ್ಲಿ ಜಿರ್ಕಾನ್ ಖನಿಜದ ಕಾಳು 250 ಕೋಟಿ ವರ್ಷ ಅಂತಿದೆ, ಬೇಸಿನ್ ಅಷ್ಟು ಹಳೆಯದಾ?

ನೀವು ಅಳೆದದ್ದು ಕಾಳಿನ ವಯಸ್ಸು, ಮರಳುಗಲ್ಲಿನದ್ದಲ್ಲ. ನಮ್ಮ ರಾಯದುರ್ಗದ ಗುಡ್ಡಗಳಂಥ ಹಳೇ ಗ್ರಾನೈಟ್ ಸವೆದು ಬಂದ ಕಾಳು ಅದು.

ಜಿರ್ಕಾನಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ, ವಯಸ್ಸು ಅಳೆಯುವುದು ಅದರಿಂದಲೇ. ಮೊದಲು ಸೀಸ ಕಳೆದುಕೊಂಡ ಕಾಳುಗಳನ್ನು ಬಿಡಿ, ಅವು ಸುಮ್ನೆ ಎಳೆ ವಯಸ್ಸು ತೋರಿಸುತ್ತವೆ. ಉಳಿದವುಗಳಲ್ಲಿ ವಯಸ್ಸು ಹೊಂದುವ ಮೂರಾದರೂ ಎಳೆ ಕಾಳು ಹುಡುಕಿ. ಪದರ ಅದಕ್ಕಿಂತ ಹಳೆಯದಾಗಿರಲಾರದು, ಅಷ್ಟೇ.

ಇನ್ನೊಂದು ಮಿತಿಗೆ ಪುಲಿವೆಂದುಲದ ಕಪ್ಪು ಸಿಲ್ ಇದೆ, ಅಂದರೆ ಪದರಗಳ ನಡುವೆ ಕರಗಿದ ಕಲ್ಲು ನುಗ್ಗಿ ಹಾಳೆಯಂತೆ ಗಟ್ಟಿಯಾದದ್ದು. ಇದೇ ಬೇಸಿನ್ನಿನ ತಾಡಪತ್ರಿ ಪದರಗಳೊಳಗೆ ನುಗ್ಗಿದ್ದು, ಸುಮಾರು 188.5 ಕೋಟಿ ವರ್ಷ. ಅದು ಹೊಕ್ಕ ಪದರ ಅದಕ್ಕಿಂತ ಹಳೆಯದು. ಬೇರೆ ಕಡೆ ಇಂಥ ಕಲ್ಲು ಸಿಕ್ಕರೆ ಅಂಚು ಮುಟ್ಟಿ ನೋಡಿ: ಮೇಲೂ ಕೆಳಗೂ ಜೇಡಿಗಲ್ಲು ಬೆಂದು ಗಟ್ಟಿಯಾಗಿದ್ದರೆ ಸಿಲ್. ಕೆಳಗೆ ಮಾತ್ರ ಬೆಂದಿದ್ದರೆ ಬಹುಶಃ ಲಾವಾ, ಆಗ ಅದರ ವಯಸ್ಸೇ ಪದರದ ವಯಸ್ಸಿಗೆ ಹತ್ತಿರ.

ಎರಡು ಮಿತಿಗಳ ನಡುವಿನ ಅಂತರ ಜಾಸ್ತಿ ಇದ್ದರೆ ಖಂಡ ಬಿರಿದು ಬೇಸಿನ್ ಯಾವಾಗ ಆಯಿತು ಅಂತ ಇನ್ನೂ ಬರೆಯಬೇಡಿ. ಪದರದಲ್ಲಿ ಜ್ವಾಲಾಮುಖಿ ಬೂದಿಯ ತೆಳು ಪಟ್ಟಿ ಹುಡುಕಿ, ಅದರ ಜಿರ್ಕಾನ್ ಅಳೆಯಿರಿ; ಬೂದಿ ಪದರ ಕೂಡುವಾಗಲೇ ಬಿದ್ದದ್ದು.