ಕಾರ್ಸನ್‌ಗೂ ಒಂದು ಕುರ್ಚಿ ಹಾಕಿ

ನಮಸ್ಕಾರ,

ನೀವು ಕಳಿಸಿದ ‘ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟ: ಒಂದು ಅವಲೋಕನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ‘ವಿಷಾದದಿಂದ ಮರಳಿಸಲಾಗಿದೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀವು ತುಂಬಾ ಓದಿದ್ದೀರಿ, ಅದು ಕಾಣಿಸುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಖಾರ ಜಾಸ್ತಿ ಅನ್ನಿಸಿದರೆ ಒಂದು ಲೋಟ ಮಜ್ಜಿಗೆ ಕುಡಿದು ಮುಂದೆ ಓದಿ.

ನಿಮ್ಮ ಮೊದಲ ವಾಕ್ಯವನ್ನೇ ನೋಡೋಣ. “ಬ್ರಿಟಿಷ್ ಸಾಮ್ರಾಜ್ಯಶಾಹಿಯ ಕಪಿಮುಷ್ಟಿಯಲ್ಲಿ ನಲುಗಿದ್ದ ಐರಿಷ್ ಜನತೆ ಸ್ವಾತಂತ್ರ್ಯದ ಕಹಳೆ ಊದಿದ ರೋಮಾಂಚಕ ಗಾಥೆಯಿದು.” ಐರಿಷ್ ಅನ್ನುವುದನ್ನು ತೆಗೆದು ಬೇರೆ ಯಾವ ದೇಶದ ಹೆಸರು ಹಾಕಿದರೂ ಈ ವಾಕ್ಯ ನಡೆಯುತ್ತದೆ. ಆರನೇ ಪುಟದಲ್ಲಿ ನಿಮ್ಮದೇ ಇನ್ನೊಂದು ವಾಕ್ಯವಿದೆ: “ಬಾಯ್ಕಾಟನ ಬಟ್ಟೆ ಒಗೆಯಲು ಯಾರೂ ಬರಲಿಲ್ಲ.” ನಾನು ನೆಟ್ಟಗೆ ಕೂತು ಓದಲು ಶುರು ಮಾಡಿದ್ದು ಅಲ್ಲಿಂದ. ಆರನೇ ಪುಟದ ತನಕ ಓದುಗರು ಬಂದೇ ಬರುತ್ತಾರೆ ಅಂತ ಹೇಗೆ ನಂಬಿದಿರಿ?

ಈಗ ದೊಡ್ಡ ತಕರಾರು. ಹದಿನಾಲ್ಕು ಪುಟಗಳಲ್ಲಿ ಬ್ರಿಟನ್ ಪರವಿದ್ದ ಯೂನಿಯನಿಸ್ಟರು ಬರುವುದು ಮೂರೇ ಸಲ. ಒಮ್ಮೆ ‘ಬ್ರಿಟಿಷರ ಬಾಲಬಡುಕರು’, ಒಮ್ಮೆ ‘ಮತಾಂಧರು’, ಕೊನೆಗೆ ‘ದೇಶ ಒಡೆದ ದ್ರೋಹಿಗಳು’. ಅವರ ನಾಯಕ ಎಡ್ವರ್ಡ್ ಕಾರ್ಸನ್ ಒಬ್ಬನನ್ನು ಬಿಟ್ಟರೆ ಯಾರಿಗೂ ಹೆಸರೇ ಇಲ್ಲ. ಅವರ ಪಕ್ಷ ವಹಿಸಿ ಅಂತ ನಾನು ಹೇಳುತ್ತಿಲ್ಲ. ನನಗೂ ಅವರ ರಾಜಕೀಯ ಒಪ್ಪಿಗೆಯಿಲ್ಲ. ಆದರೆ ಮೊದಲು ಕುರ್ಚಿ ಹಾಕಿ ಕೂರಿಸಿ, ಏನು ಹೇಳುತ್ತಾರೋ ಕೇಳಿಸಿಕೊಳ್ಳಿ. ಜಗಳ ಆಮೇಲೆ ಇದ್ದೇ ಇದೆ.

ಅದಕ್ಕೂ ಮುಂಚೆ ಒಂದು ಪದದ ವಿಷಯ. ಯೂನಿಯನಿಸ್ಟ್ ಅನ್ನುವುದಕ್ಕೆ ನೀವು ‘ಏಕೀಕರಣವಾದಿ’ ಅಂತ ಬರೆದಿದ್ದೀರಿ. ಕನ್ನಡ ಓದುಗರಿಗೆ ಏಕೀಕರಣ ಅಂದ ಕೂಡಲೇ ನೆನಪಾಗುವುದು 1956, ಹರಿದು ಹಂಚಿಹೋಗಿದ್ದ ನಾಡು ಒಂದಾದದ್ದು. ಹಾಗಾಗಿ ‘ಐರ್ಲೆಂಡಿನ ಏಕೀಕರಣವಾದಿಗಳು’ ಅಂದರೆ ಐರ್ಲೆಂಡನ್ನು ಒಂದು ಮಾಡಲು ಹೊರಟವರು ಅಂತಲೇ ಅರ್ಥವಾಗುತ್ತದೆ. ಪೂರ್ತಿ ಉಲ್ಟಾ ಅಲ್ವಾ? ‘ಒಕ್ಕೂಟವಾದಿ’ ಅಂದರೆ ಹಾಲು ಒಕ್ಕೂಟ ಕಣ್ಣ ಮುಂದೆ ಬರುತ್ತದೆ. ಮೊದಲ ಸಲ ‘ಬ್ರಿಟನ್ ಜೊತೆಗೇ ಇರಬೇಕು ಎನ್ನುತ್ತಿದ್ದ ಯೂನಿಯನಿಸ್ಟರು’ ಅಂತ ಬಿಡಿಸಿ ಬರೆಯಿರಿ. ಮುಂದೆ ಯೂನಿಯನಿಸ್ಟರು ಅಂದರೆ ಸಾಕು. ಯಾವ ಯೂನಿಯನ್ ಅಂತಲೂ ಒಂದು ಸಾಲು ಬೇಕು. 1801ರ ಜನವರಿ 1ರಿಂದ ಡಬ್ಲಿನ್‌ನ ಪಾರ್ಲಿಮೆಂಟು ಮುಚ್ಚಿ ಐರ್ಲೆಂಡನ್ನು ಬ್ರಿಟನ್ ಜೊತೆ ಸೇರಿಸಿದರಲ್ಲ, ಆ ಯೂನಿಯನ್.

ಇನ್ನು ಕಾರ್ಸನ್. ‘ಬೆಲ್‌ಫಾಸ್ಟಿನ ನಾಯಕ’ ಎಂದಿದ್ದೀರಿ. ಆತ ಹುಟ್ಟಿದ್ದು 1854ರಲ್ಲಿ, ಡಬ್ಲಿನ್‌ನಲ್ಲಿ. ಓದಿದ್ದು ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ. 1892ರಿಂದ 1918ರವರೆಗೆ ಪಾರ್ಲಿಮೆಂಟಿಗೆ ಆರಿಸಿ ಬಂದದ್ದೂ ಡಬ್ಲಿನ್ ವಿಶ್ವವಿದ್ಯಾಲಯದ ಕ್ಷೇತ್ರದಿಂದಲೇ. ಆತನಿಗೆ ಬೇಕಿದ್ದದ್ದು ಉತ್ತರದ ಒಂದು ತುಂಡಲ್ಲ. ಇಡೀ ಐರ್ಲೆಂಡ್ ಬ್ರಿಟನ್ ಜೊತೆ ಉಳಿಯಬೇಕಿತ್ತು. ಉತ್ತರದ ಅಲ್ಸ್ಟರ್ ಪ್ರಾಂತ್ಯ ಒಪ್ಪದಿದ್ದರೆ ಹೋಂ ರೂಲ್, ಅಂದರೆ ಬ್ರಿಟನ್ ಅಡಿಯಲ್ಲೇ ಐರ್ಲೆಂಡಿಗೆ ತನ್ನದೊಂದು ಸರ್ಕಾರ, ಇಡೀ ದೇಶದಲ್ಲೇ ನಿಂತುಹೋಗುತ್ತದೆ ಅಂತ ಲೆಕ್ಕ ಹಾಕಿದ್ದ. ಲೆಕ್ಕ ತಪ್ಪಿತು. ಉತ್ತರದ ತುಂಡು ಮಾತ್ರ ಬ್ರಿಟನ್ ಜೊತೆ ಉಳಿದು ಮಿಕ್ಕ ಐರ್ಲೆಂಡ್ ಬೇರೆಯಾದ ವಿಭಜನೆಯನ್ನು ನೀವು ಆತನ ಗೆಲುವು ಎಂದಿದ್ದೀರಿ. ಹುಟ್ಟಿದ ಊರೇ ಕೈಬಿಟ್ಟುಹೋದ ಮನುಷ್ಯನಿಗೆ ಅದು ಸೋಲು. ಇಷ್ಟು ತಿಳಿದರೆ ಸಾಕು, ಆತ ರಟ್ಟಿನ ಖಳನಾಯಕನಾಗಿ ಉಳಿಯುವುದಿಲ್ಲ.

1912ರ ಸೆಪ್ಟೆಂಬರ್ 28ನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಬೇರೆಯವರಾಗಿದ್ದರೆ ಅದರಿಂದಲೇ ಒಂದು ಪುಟ ತೆಗೆಯುತ್ತಿದ್ದರು. ಬೆಲ್‌ಫಾಸ್ಟಿನ ಸಿಟಿ ಹಾಲ್. ಯೂನಿಯನ್ ಜಾಕ್ ಹೊದಿಸಿದ ಮೇಜು. ಕಾರ್ಸನ್ ಮೊದಲ ಸಹಿ ಹಾಕುತ್ತಾನೆ. ಹೊರಗೆ ಸಾಲು ಸಾಲು ಜನ. ಹೋಂ ರೂಲ್ ಬರಲು ಬಿಡುವುದಿಲ್ಲ, ಒಬ್ಬರಿಗೊಬ್ಬರು ಬೆನ್ನಿಗೆ ನಿಲ್ಲುತ್ತೇವೆ ಎಂಬ ಪ್ರತಿಜ್ಞೆಗೆ 2,37,368 ಗಂಡಸರು ಸಹಿ ಹಾಕಿದರು. ಹೆಂಗಸರಿಗೆ ಬೇರೆ ಘೋಷಣೆ ಇತ್ತು, ಅದಕ್ಕೆ 2,34,046 ಸಹಿ. ಆಗ ಆ ಹೆಂಗಸರಿಗೆ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕೇ ಇರಲಿಲ್ಲ. ಇಷ್ಟು ಜನರನ್ನು ‘ಬಾಲಬಡುಕರು’ ಅನ್ನುವ ಒಂದೇ ಪದದಲ್ಲಿ ಮಡಿಚಿ ಇಟ್ಟರೆ ಹೇಗೆ? ಆ ಸಹಿಗಳನ್ನೆಲ್ಲ ಬೆಲ್‌ಫಾಸ್ಟಿನ ಸರ್ಕಾರಿ ದಾಖಲೆ ಭಂಡಾರ ಆನ್‌ಲೈನ್‌ನಲ್ಲಿ ಇಟ್ಟಿದೆ. ಬಿಡುವಾದಾಗ ಅರ್ಧ ಗಂಟೆ ನೋಡಿ.

ಅವರಿಗೆ ಹೆದರಿಕೆ ಏನಿತ್ತು ಅಂತ ನೀವು ಕೇಳಿಕೊಂಡೇ ಇಲ್ಲ. ಬೆಲ್‌ಫಾಸ್ಟ್ ಆಗ ಹಡಗು ಕಟ್ಟುವ ಊರು, ಲಿನನ್ ಬಟ್ಟೆಯ ಊರು. ಟೈಟಾನಿಕ್ ನೀರಿಗಿಳಿದದ್ದು ಅಲ್ಲೇ, 1911ರಲ್ಲಿ. ಆ ಮಾಲಿಗೆ ಮಾರುಕಟ್ಟೆ ಬ್ರಿಟನ್ ಮತ್ತು ಅದರ ಸಾಮ್ರಾಜ್ಯ. ಬೇಸಾಯ ನಂಬಿದ ಡಬ್ಲಿನ್ ಸರ್ಕಾರ ತಮ್ಮ ಕಾರ್ಖಾನೆಗಳಿಗೆ ತೆರಿಗೆ ಜಡಿದರೆ ಏನು ಗತಿ ಎಂಬ ಚಿಂತೆ. ಅದರ ಮೇಲೆ ಧರ್ಮ. ಇಡೀ ದೇಶದಲ್ಲಿ ಕ್ಯಾಥೊಲಿಕ್ಕರು ಬಹುಸಂಖ್ಯಾತರು, ಇವರು ಪ್ರಾಟೆಸ್ಟಂಟರು. ‘ಹೋಂ ರೂಲ್ ಅಂದರೆ ರೋಮ್ ರೂಲ್’ ಅನ್ನುವುದು ಅವರ ಘೋಷಣೆ. ಅಂದರೆ ಪೋಪನ ಆಳ್ವಿಕೆ. ಇದರಲ್ಲಿ ದ್ವೇಷ ಎಷ್ಟು, ಲೆಕ್ಕಾಚಾರ ಎಷ್ಟು, ನಿಜವಾದ ದಿಗಿಲು ಎಷ್ಟು ಅಂತ ನೀವು ತೂಗಿ ನೋಡಬೇಕು. ದ್ವೇಷವೂ ಇತ್ತು, ಮುಚ್ಚಿಡಬೇಡಿ. 1920ರ ಜುಲೈನಲ್ಲಿ ಹಡಗುಕಟ್ಟೆಗಳಿಂದ ಕ್ಯಾಥೊಲಿಕ್ ಕೆಲಸಗಾರರನ್ನು ಹೊಡೆದು ಓಡಿಸಿದ್ದನ್ನು ನೀವು ಬರೆದಿದ್ದೀರಿ. ಅದು ಇರಲಿ.

ಸಹಿ 1912ರಲ್ಲೇ ಯಾಕೆ ಎಂಬುದಕ್ಕೂ ಕಾರಣ ಇದೆ. 1886ರ ಹೋಂ ರೂಲ್ ಮಸೂದೆ ಕಾಮನ್ಸ್ ಸಭೆಯಲ್ಲೇ ಬಿದ್ದುಹೋಯಿತು. 1893ರದ್ದು ಅಲ್ಲಿ ಪಾಸಾದರೂ ಲಾರ್ಡ್ಸ್ ಸಭೆ 419ಕ್ಕೆ 41 ಮತಗಳಿಂದ ಕೆಳಗಿಳಿಸಿತು. 1911ರಲ್ಲಿ ಲಾರ್ಡ್ಸ್‌ನ ಆ ಅಧಿಕಾರ ಹೋಯಿತು. ತಡ ಮಾಡಬಹುದು, ತಡೆಯುವಂತಿಲ್ಲ. ಯೂನಿಯನಿಸ್ಟರ ಬಾಗಿಲಿಗಿದ್ದ ಕೊನೆಯ ಚಿಲಕ ಕಳಚಿತು. ಈ ಮೂರು ಸಾಲು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಅಲ್ಸ್ಟರಿನವರು ಸುಮ್ನೆ ಒಂದು ದಿನ ತಲೆಕೆಟ್ಟು ಎದ್ದು ಬಂದ ಹಾಗೆ ಕಾಣುತ್ತದೆ.

ನಾಯಕರ ವಿಷಯದಲ್ಲೂ ತಪ್ಪುಗಳಿವೆ. ಹೋಂ ರೂಲ್ ಕೇಳಿದ ಪಕ್ಷದ ನಾಯಕ ಪಾರ್ನೆಲ್ ಕ್ಯಾಥೊಲಿಕ್ ರೈತನ ಮಗನಲ್ಲ. ವಿಕ್ಲೋ ಕೌಂಟಿಯ ಪ್ರಾಟೆಸ್ಟಂಟ್ ಜಮೀನ್ದಾರ. ಹೋಂ ರೂಲ್ ಅಂದರೆ ‘ಪೂರ್ಣ ಸ್ವಾತಂತ್ರ್ಯ’ ಅಲ್ಲವೇ ಅಲ್ಲ. ಸೈನ್ಯ, ಯುದ್ಧ, ವಿದೇಶ ವ್ಯವಹಾರ ಎಲ್ಲ ಲಂಡನ್ ಕೈಯಲ್ಲೇ ಇರುತ್ತಿತ್ತು, ಮೇಲೆ ರಾಜ ಇದ್ದೇ ಇರುತ್ತಿದ್ದ. ಪಾರ್ನೆಲ್, ಆಮೇಲೆ ಆ ಪಕ್ಷ ನಡೆಸಿದ ರೆಡ್ಮಂಡ್ ಕೇಳಿದ್ದು ಅಷ್ಟನ್ನು. ನೀವು ಐರ್ಲೆಂಡ್ ಬೇರೆ ದೇಶವಾದ 1922ರಲ್ಲಿ ನಿಂತು ಹಿಂದಕ್ಕೆ ನೋಡುತ್ತಿದ್ದೀರಿ. ಹಾಗಾಗಿ 1801ರಿಂದಲೂ ಎಲ್ಲರೂ ಗಣರಾಜ್ಯಕ್ಕೇ ಹೊರಟಿದ್ದರು ಅನ್ನಿಸುತ್ತದೆ. 1914ರಲ್ಲಿ ಅವರ ಜಾಗದಲ್ಲಿ ನಿಂತು ನೋಡಿ. ಹೋಂ ರೂಲ್ ಕಾಯ್ದೆಗೆ ಸೆಪ್ಟೆಂಬರ್‌ನಲ್ಲಿ ರಾಜನ ಅಂಕಿತ ಬಿತ್ತು, ಯುದ್ಧ ಮುಗಿಯಲಿ ಅಂತ ಅದನ್ನು ಅಲ್ಲೇ ಕಟ್ಟಿಟ್ಟರು. ರೆಡ್ಮಂಡ್ ಗೆದ್ದೆ ಅಂದುಕೊಂಡ.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ನಿಮಗೆ ತಪ್ಪಿಹೋಗಿದೆ. ತಿಲಕರು ತಮ್ಮ ಹೋಂ ರೂಲ್ ಲೀಗನ್ನು ಶುರು ಮಾಡಿದ್ದು ಬೆಳಗಾವಿಯಲ್ಲಿ, 1916ರ ಏಪ್ರಿಲ್ ಕೊನೆಯಲ್ಲಿ. ಹೆಸರು ಐರ್ಲೆಂಡಿನಿಂದ ತಂದದ್ದು. ಅದೇ ಏಪ್ರಿಲ್ 24ರಿಂದ 28ರವರೆಗೆ ಡಬ್ಲಿನ್‌ನ ದೊಡ್ಡ ಅಂಚೆ ಕಚೇರಿಯಲ್ಲಿ ಬಂಡೆದ್ದು ಬಂದೂಕು ಹಿಡಿದು ಕೂತವರಿಗೆ ಹೋಂ ರೂಲ್ ಹಳೇ ಮಾತಾಗಿತ್ತು. ಬೆಳಗಾವಿಗೆ ಆ ಪದ ಹೊಸದಾಗಿ ಬರುವ ಹೊತ್ತಿಗೆ ಡಬ್ಲಿನ್‌ನಲ್ಲಿ ಅದರ ಕಾಲ ಮುಗಿಯುತ್ತಿತ್ತು. ಇದನ್ನು ಹಾಕಿದರೆ ಒಂದು ಪ್ಯಾರಾ ಸಾಕು, ಎಳೆಯಬೇಡಿ.

ಈಗ ನನ್ನ ಸಲಹೆ. ಇನ್ನೂರು ವರ್ಷ ಬಿಡಿ. ಕ್ಷಾಮದ ಎರಡು ಪುಟ ಚೆನ್ನಾಗಿವೆ, ಅದು ಬೇರೆಯೇ ಲೇಖನವಾಗಲಿ, ಇಲ್ಲಿ ಬೇಡ. ಬಾಯ್ಕಾಟನ ಹೊಲದಿಂದ ಶುರು ಮಾಡಿ. ಯಾಕೆ ಅಂದರೆ ಎರಡೂ ಕಡೆಯವರು ಒಂದೇ ಹೊಲದ ಬದುವಿನ ಮೇಲೆ ಎದುರುಬದುರಾದದ್ದು ಅಲ್ಲಿ.

ಮೇಯೋ ಕೌಂಟಿ, ಲಾಕ್ ಮಾಸ್ಕ್ ಸರೋವರದ ದಂಡೆ, 1880. ಕ್ಯಾಪ್ಟನ್ ಬಾಯ್ಕಾಟ್ ಲಾರ್ಡ್ ಅರ್ನ್‌ನ ಏಜೆಂಟ್. ಗೇಣಿ ಕಡಿಮೆ ಮಾಡಿ ಅಂತ ರೈತರು ಕೇಳಿದರು. ಇವನು ಒಕ್ಕಲೆಬ್ಬಿಸಲು ನೋಟೀಸು ಕಳಿಸಿದ. ಗೇಣಿದಾರರ ಪರ ನಿಂತ ಲ್ಯಾಂಡ್ ಲೀಗಿನವರು ಕೈ ಎತ್ತಲಿಲ್ಲ. ಮಾತು ನಿಲ್ಲಿಸಿದರು. ಆಳು ಬರಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ, ಟಪಾಲು ಹುಡುಗ ನಾಪತ್ತೆ. ಟರ್ನಿಪ್ಪು, ಆಲೂಗಡ್ಡೆ ಮಣ್ಣಲ್ಲೇ ಉಳಿಯಿತು. (ನಮ್ಮ ಊರುಗಳಲ್ಲಿ ಬಹಿಷ್ಕಾರ ಸಾಮಾನ್ಯವಾಗಿ ಬಲ ಇದ್ದವರು ಇಲ್ಲದವರ ಮೇಲೆ ಹಾಕುವುದು. ಅಲ್ಲಿ ತಿರುಗುಮುರುಗು. ಓದುಗರಿಗೆ ಇದನ್ನು ನೀವು ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ.) ನವೆಂಬರ್‌ನಲ್ಲಿ ಬೆಳೆ ಕೀಳಲು ಐವತ್ತು ಜನ ಬಂದರು. ಕ್ಲೇರ್‌ಮಾರಿಸ್ ತನಕ ರೈಲು, ಅಲ್ಲಿಂದ ಮಳೆಯಲ್ಲಿ ನಡಿಗೆ. ಸುತ್ತ ಪೊಲೀಸು, ಸೈನಿಕರು. ಬಂದವರು ಬ್ರಿಟನ್ ಪರವಾದ ಆರೆಂಜ್ ಸಂಘದ ಪ್ರಾಟೆಸ್ಟಂಟರು. ಕೆಲವು ನೂರು ಪೌಂಡಿನ ಬೆಳೆ ಉಳಿಸಲು ಸುಮಾರು 10,000 ಪೌಂಡ್ ಖರ್ಚಾಯಿತು ಅಂತ ಆಗಲೇ ಲೆಕ್ಕ ಹಾಕಿದ್ದರು.

ಆ ಐವತ್ತು ಜನ ಎಲ್ಲಿಯವರು ಅಂತ ನೀವು ಬರೆದಿಲ್ಲ. ಕ್ಯಾವನ್ ಮತ್ತು ಮೊನಹನ್ ಕೌಂಟಿಗಳವರು. ಈಗ ನಲವತ್ತು ವರ್ಷ ಮುಂದೆ ಬನ್ನಿ. ಅಲ್ಸ್ಟರ್ ಅಂದರೆ ಒಂಬತ್ತು ಕೌಂಟಿ, ನೀವು ಬರೆದ ಹಾಗೆ ಆರಲ್ಲ. 1912ರಲ್ಲಿ ಒಂಬತ್ತರಲ್ಲೂ ಸಹಿ ಬಿದ್ದಿತ್ತು. 1920ರ ಮಾರ್ಚ್‌ನಲ್ಲಿ ಅಲ್ಸ್ಟರ್ ಯೂನಿಯನಿಸ್ಟ್ ಕೌನ್ಸಿಲ್ ಬ್ರಿಟನ್ ಜೊತೆ ಆರು ಉಳಿದರೆ ಸಾಕು ಅಂತ ಒಪ್ಪಿಕೊಂಡಿತು. ಒಂಬತ್ತನ್ನೂ ಇಟ್ಟುಕೊಂಡರೆ ಪ್ರಾಟೆಸ್ಟಂಟರ ಬಹುಮತ ತೀರಾ ತೆಳ್ಳಗಾಗುತ್ತಿತ್ತು. ಹೊರಗೆ ಉಳಿದವು ಡೊನೆಗಾಲ್, ಕ್ಯಾವನ್, ಮೊನಹನ್. ಬೆನ್ನಿಗೆ ನಿಲ್ಲುತ್ತೇವೆ ಅಂದವರೇ ಬೆನ್ನು ತೋರಿಸಿದರು. ನಿಮ್ಮ ಲೇಖನದ ಬೆನ್ನುಮೂಳೆ ಇದೇ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಟಿಪ್ಪಣಿಗಳಲ್ಲಿ ಎರಡೂ ತುದಿ ಇದ್ದವು, ಗಂಟು ಹಾಕಿರಲಿಲ್ಲ.

ಮಧ್ಯೆ ಬಂದೂಕಿನ ಕತೆ ಬರಲಿ. 1914ರ ಏಪ್ರಿಲ್‌ನಲ್ಲಿ ಲಾರ್ನ್ ಮತ್ತು ಸುತ್ತಲಿನ ಬಂದರುಗಳಲ್ಲಿ ಯೂನಿಯನಿಸ್ಟರು ರಾತ್ರೋರಾತ್ರಿ ಸುಮಾರು 25,000 ರೈಫಲ್ ಇಳಿಸಿದರು. ಜುಲೈನಲ್ಲಿ ಡಬ್ಲಿನ್ ಹತ್ತಿರದ ಹೋತ್‌ನಲ್ಲಿ ರಾಷ್ಟ್ರವಾದಿಗಳು ಹಾಡಹಗಲೇ ಸುಮಾರು 900 ಇಳಿಸಿದರು. ಎರಡೂ ಸರಕು ಕೊಂಡದ್ದು ಜರ್ಮನಿಯಲ್ಲಿ. ವ್ಯಾಖ್ಯಾನ ಬೇಡ, ಇಷ್ಟು ಬರೆದು ಸುಮ್ಮನಿರಿ.

1916ರ ಡಬ್ಲಿನ್ ಬಂಡಾಯಕ್ಕೆ ‘ಇಡೀ ದೇಶ ಎದ್ದು ನಿಂತಿತು’ ಎಂದಿದ್ದೀರಿ. ಇಲ್ಲ. ಶರಣಾದವರನ್ನು ಸೈನಿಕರು ನಡೆಸಿಕೊಂಡು ಹೋಗುವಾಗ ಡಬ್ಲಿನ್‌ನ ಬೀದಿಗಳಲ್ಲಿ ಬೈದವರೂ ಇದ್ದರು. ಗಂಡಂದಿರು ಬ್ರಿಟಿಷ್ ಸೈನ್ಯದಲ್ಲಿದ್ದ ಹೆಂಗಸರು ಮುಖ್ಯವಾಗಿ. ಮನಸ್ಸು ತಿರುಗಿದ್ದು ಆಮೇಲೆ. ಮೇ 3ರಿಂದ 12ರವರೆಗೆ ಹದಿನೈದು ಜನರನ್ನು ಗುಂಡಿಟ್ಟು ಕೊಂದರು. ಒಂದೇ ದಿನವಲ್ಲ, ದಿನಕ್ಕಿಷ್ಟು ಅಂತ. ಬಂಡಾಯದ ನಾಯಕರಲ್ಲೊಬ್ಬ, ಗಾಯದಿಂದ ನಿಲ್ಲಲಾರದ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊಡೆದರು. 1918ರ ಚುನಾವಣೆಯಲ್ಲಿ ಗಣರಾಜ್ಯವೇ ಬೇಕೆಂದ ಶಿನ್ ಫೇನ್ ಪಕ್ಷಕ್ಕೆ 105ರಲ್ಲಿ 73 ಸ್ಥಾನ, ರೆಡ್ಮಂಡನ ಹಳೇ ಪಕ್ಷಕ್ಕೆ ಆರು. ಬೈಗುಳದಿಂದ ಈ 73ರವರೆಗಿನ ಎರಡೂವರೆ ವರ್ಷವನ್ನು ನೀವು ಹಾರಿಬಿಟ್ಟಿದ್ದೀರಿ.

ಜಲಂಧರ್‌ನ ಪ್ಯಾರಾ ನನಗೆ ಇಷ್ಟವಾಯಿತು. 1920ರ ಜೂನ್‌ನಲ್ಲಿ ಬ್ರಿಟಿಷ್ ಸೈನ್ಯದ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸೈನಿಕರು ಕೆಲಸ ನಿಲ್ಲಿಸಿದ್ದು, ನವೆಂಬರ್‌ನಲ್ಲಿ ದಗ್‌ಶಾಯಿಯಲ್ಲಿ ಅವರಲ್ಲೊಬ್ಬನಾದ ಜೇಮ್ಸ್ ಡೇಲಿಗೆ ಗುಂಡು ಹೊಡೆದದ್ದು, ಎಲ್ಲ ಸರಿ. ಆದರೆ ಅವರು ‘ಭಾರತೀಯರಿಗಾಗಿ ಬಂಡೆದ್ದರು’ ಅನ್ನುವುದನ್ನು ತೆಗೆಯಿರಿ. ಊರಿನಲ್ಲಿ ಬ್ರಿಟಿಷ್ ಪಡೆಗಳು ಮಾಡುತ್ತಿದ್ದ ಅನಾಹುತದ ಸುದ್ದಿ ಕೇಳಿ ಅವರಿಗೆ ಸಿಟ್ಟು ಬಂದಿತ್ತು. ನಮಗೆ ಹಿತವಾಗಲಿ ಅಂತ ಅವರ ಸಿಟ್ಟಿನ ವಿಳಾಸ ಬದಲಿಸಬೇಡಿ.

ಸಣ್ಣಪುಟ್ಟದ್ದು: ‘ಸಿನ್ ಫೀನ್’ ಅಲ್ಲ, ಶಿನ್ ಫೇನ್. ‘ಮೊನಾಘನ್’ ಅಲ್ಲ, ಮೊನಹನ್. ‘ರಕ್ತಸಿಕ್ತ’ ಹನ್ನೊಂದು ಸಲ ಬಂದಿದೆ, ಒಂದು ಉಳಿಸಿಕೊಳ್ಳಿ. ‘ಅವಲೋಕನ’ ಇಲ್ಲದ ಶೀರ್ಷಿಕೆ ಹುಡುಕಿ. ಎರಡು ಸಾವಿರ ಪದ ಮೀರದ ಹಾಗೆ ಬರೆದು ಮುಂದಿನ ತಿಂಗಳ 20ರೊಳಗೆ ಕಳಿಸಿ. ಬಾಯ್ಕಾಟನ ಕುದುರೆಗೆ ಲಾಳ ಕಟ್ಟಲು ಕಮ್ಮಾರ ಒಪ್ಪಲಿಲ್ಲ ಅಂತ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದೀರಲ್ಲ, ಅದನ್ನು ಒಳಗೆ ತನ್ನಿ.